ಚಪಲ ಫಿಲಿಪ್ಪನೂ ಉಗ್ರ ಫ್ರೀಡರಿಖನೂ

ಫ್ರಾಂಕ್‌ಫರ್ಟ್ ನಗರದ ವೈದ್ಯನಾದ ಹೈನ್‌ರಿಖ್ ಹಾಫ್‌ಮನ್ನನು (೧೮೦೯–೧೮೯೪) ತನ್ನ ಮೂರು ವರ್ಷದ ಮಗನಿಗೆ ಕ್ರಿಸ್ಮಸ್ ಕಾಣಿಕೆಯಾಗಿ ೧೮೪೪ರಲ್ಲಿ ಪದ್ಯಗಳನ್ನು ಕಟ್ಟಿ ಚಿತ್ರಗಳನ್ನು ತಾನೇ ಬರೆದ ಪುಸ್ತಕವು ಮರುವರ್ಷ ಅಚ್ಚಾಯಿತು. ಮುಂದೆ ‘ಸ್ಟ್ರೂವಲ್‌ಪೇಟರ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಅದರಲ್ಲಿ ಚಡಪಡಿಸುವ ಫಿಲಿಪ್ಪನ ಮೇಲಣ ಪದ್ಯವೊಂದುಂಟು. ಅವಧಾನದ ಕೊರತೆಯೂ ಅತಿಚಾಂಚಲ್ಯವೂ ಕೂಡಿದ, ಇಂದಿನ ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ಸ್ಥಿತಿಗೆ ಇದೇ ಹಳೆಯ ವರ್ಣನೆಗಳಲ್ಲೊಂದೆಂದು ವೈದ್ಯಲೇಖನಗಳು ಪದೇ ಪದೇ ಉದಾಹರಿಸುತ್ತವೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದು ವಿಚಾರಾರ್ಹವಾಗಿದೆ.

ಪದ್ಯದಲ್ಲಿ ನಡೆಯುವುದಿಷ್ಟೆ. ಊಟದ ಮೇಜಿನಲ್ಲಿ ತಂದೆ ಗಂಭೀರವಾಗಿ ಎಚ್ಚರಿಸುತ್ತಾನೆ. ತಾಯಿ ಮಾತಿಲ್ಲದೆ ಮೇಜಿನ ಸುತ್ತ ಕಣ್ಣಾಡಿಸುತ್ತಾಳೆ. ಹುಡುಗನು ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತೂಗಿ ತೂಗಿ, ಬೀಳುವಾಗ ಮೇಜಿನ ಬಟ್ಟೆಯನ್ನು ಹಿಡಿದೆಳೆದು ತಟ್ಟೆ, ಸೀಸೆ, ರೊಟ್ಟಿಗಳೊಡನೆ ನೆಲಕ್ಕುರುಳುತ್ತಾನೆ. ಉಣ್ಣಲು ಏನೂ ಉಳಿಯದ ತಂದೆತಾಯಿಗಳ ಕೋಪವನ್ನು ಕವಿ ಹೇಳುತ್ತಾನೆ. ಬಟ್ಟೆಯಡಿಯಲ್ಲಿ ಪೂರ್ತಿಯಾಗಿ ಮರೆಯಾದ ಹುಡುಗನಿಗೆ ಏನೆನ್ನಿಸಿತೆಂಬುದನ್ನು ಹೇಳುವುದಿಲ್ಲ. ಹಾಸ್ಯಪದ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಹಾಫ್‌ಮನ್ನನು ಮನೋರೋಗಿಗಳ ಆಸ್ಪತ್ರೆಯ ಮುಖ್ಯಸ್ಥನಾಗಿದ್ದುದರಿಂದ ಇದನ್ನು ರೋಗಿಯ ವೃತ್ತಾಂತವೆಂದೇ ಎಣಿಸಬಹುದೆಂದು ತೋರೀತು. ಆದರೆ ಆ ಪದವಿ ಆತನಿಗೆ ಬಂದುದು ೧೮೫೧ರಲ್ಲಿ. ಫಿಲಿಪ್ಪನು ಅದಕ್ಕೆ ಮೊದಲೇ ಅಚ್ಚಿನಲ್ಲಿದ್ದನು.

ಅದೇ ಪುಸ್ತಕದಲ್ಲಿ ಫ್ರೀಡರಿಖನೆಂಬ ಮತ್ತೊಬ್ಬನಿದ್ದಾನೆ. ನೊಣಗಳ ರೆಕ್ಕೆ ಕಿತ್ತು, ದಾದಿಯನ್ನು ಚಾವಟಿಯಿಂದ ಹೊಡೆದು, ಕಡೆಗೆ ನಾಯಿಯಿಂದ ಕಚ್ಚಿಸಿಕೊಂಡು ಈತನು ಕಹಿಮದ್ದು ಕುಡಿಯುತ್ತ ಮಲಗುತ್ತಾನೆ; ನಾಯಿ ಅವನ ಮೇಜಿನಲ್ಲಿ ಕುಳಿತು ಅವನ ಊಟವನ್ನುಣ್ಣುತ್ತದೆ. (ಈ ಪುಸ್ತಕದಲ್ಲಿ ನೆಮ್ಮದಿಯಾಗಿ ಉಂಡ ಪ್ರಾಣಿ ಬಹುಶಃ ಇದೊಂದೇ.) ಚಾಪಲ್ಯವನ್ನೂ ಉಗ್ರತೆಯನ್ನೂ ಕವಿ ಹೀಗೆ ಇಬ್ಬರಿಗೆ ಹಂಚಿಕೊಟ್ಟಿದ್ದಾನೆ. ನಿಜವಾದ ಮಕ್ಕಳಲ್ಲಿ ಅವು ಹೀಗೆ ವಿಂಗಡವಾಗಿರುವುದಿಲ್ಲ. ಅತಿಚಾಂಚಲ್ಯದ ಹುಡುಗನಲ್ಲಿ ಸಿಡುಕೂ ಉಂಟು. ಉನ್ಮಾದ ವಿಷಾದಗಳು ಬಂದು ಹೋಗುವ ಬೈಪೋಲಾರ್ ವ್ಯಾಧಿಯ ತರುಣನಲ್ಲಿ ಚಡಪಡಿಕೆಯೂ ಉಂಟು. ಅಮೆರಿಕದಲ್ಲಿ ೧೯೯೪–೯೫ರಿಂದ ೨೦೦೨–೦೩ರೊಳಗೆ, ೨೦ ವರ್ಷದೊಳಗಿನವರಿಗೆ ಬೈಪೋಲಾರ್ ಎಂದು ನಿರ್ಣಯಿಸಿದ ವೈದ್ಯಭೇಟಿಗಳು ಸುಮಾರು ೪೦ ಪಾಲು ಹೆಚ್ಚಿದವು. ಎಡೆಬಿಡದ ಸಿಡುಕನ್ನೂ ಉನ್ಮಾದವೆಂದೆಣಿಸಿದುದು ಇದಕ್ಕೆ ಒಂದು ಕಾರಣವೆಂದು ತಿಳಿದು, ೨೦೧೩ರಲ್ಲಿ ಅಲ್ಲಿನ ಮನೋವೈದ್ಯರ ಸಂಘವು ಆ ಸಿಡುಕಿಗೆ ಬೇರೆ ಹೆಸರನ್ನೇ ಇಟ್ಟಿತು. ಚಾಂಚಲ್ಯಕ್ಕೆ ಕೊಡುವ ಉದ್ದೀಪಕ ಮದ್ದು ಉನ್ಮಾದವನ್ನು ಕೆರಳಿಸಬಹುದಾದ ಕಾರಣ ಇದು ಬರಿಯ ಹೆಸರಿನ ಜಗಳವಲ್ಲ.

ಭರತನ ನಾಟ್ಯಶಾಸ್ತ್ರವು ಎಣಿಸುವ ೩೩ ವ್ಯಭಿಚಾರಿಭಾವಗಳಲ್ಲಿ ಚಪಲತೆ, ಉಗ್ರತೆಗಳೆರಡೂ ಇವೆ. ಅನುಭಾವವೊಂದನ್ನೇ ಕಂಡು ಭಾವವನ್ನು ನಿಶ್ಚಯಿಸಲಾಗದೆಂಬುದು ಆಲಂಕಾರಿಕರಿಗೆ ತಿಳಿದ ಸಂಗತಿ. ಕಣ್ಣೀರು ಶೋಕದಿಂದಲೂ ಬರುವುದು, ಹರ್ಷದಿಂದಲೂ ಬರುವುದು. ಮಿದುಳಿನ ಚಿತ್ರಣದಿಂದ ದೊರೆತ ಫಲವೂ ಇದಕ್ಕೆ ದೂರವಲ್ಲ. ೨೦೧೦ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಂಶೋಧನೆಯಲ್ಲಿ, ಯಾವ ಭಾವವನ್ನೂ ತೋರದ ಮುಖಗಳನ್ನು ಮಕ್ಕಳ ಮುಂದಿಟ್ಟು, ನಿನಗೆಷ್ಟು ಭಯವಾಗುತ್ತದೆಂದು ಕೇಳಲಾಯಿತು. ಭಾವೋದ್ರೇಕಕ್ಕೆ ಸಂಬಂಧಪಟ್ಟ, ಬಾದಾಮಿಯಾಕಾರದ ‘ಅಮಿಗ್ಡಲ’ವೆಂಬ ಮಿದುಳಿನ ಭಾಗವು ಎ.ಡಿ.ಎಚ್.ಡಿ.ಯ ಮಕ್ಕಳಲ್ಲಿ, ಬೈಪೋಲಾರ್ ಮಕ್ಕಳಿಗಿಂತಲೂ ಆರೋಗ್ಯವಂತರಿಗಿಂತಲೂ, ಎಡಭಾಗದಲ್ಲಿ ಹೆಚ್ಚಾಗಿ ಕೆರಳಿತು. ಸದಾ ಸಿಡುಕುವ ಮಕ್ಕಳಲ್ಲಿ ಅದು ಮಂದವಾಗಿತ್ತು. ಹೊರಗೆ ಒಂದೇ ಬಗೆಯಾಗಿ ಕಾಣುವ ನಡತೆಯ ಒಳಗಿನ ವ್ಯಾಪಾರ ಒಂದೇ ಅಲ್ಲವೆಂದಾಯಿತು. ಫಿಲಿಪ್ಪನ ತಾಯಿಯ ಮಾತಿಲ್ಲದ ನೋಟವು ಇಲ್ಲಿ ನೆನಪಿಗೆ ಬರುವುದು ಸಹಜ. ಆದರೂ ಇದು ಗುಂಪುಗಳ ಸರಾಸರಿ. ಒಬ್ಬ ಹುಡುಗನ ಮಿದುಳಿನ ಚಿತ್ರವನ್ನು ನೋಡಿ ಅವನ ವ್ಯಾಧಿಯನ್ನು ಹೆಸರಿಸಲು ಇದು ಸಾಲದು.

ವೈದ್ಯನು ಇವೆರಡನ್ನು ಬೇರ್ಪಡಿಸುವುದು ಇಂದಿಗೂ ಮುಖ್ಯವಾಗಿ ಕಾಲಗತಿಯಿಂದ. ಒಂದು ಬಾಲ್ಯದಿಂದ ಎಡೆಬಿಡದೆ ಇರತಕ್ಕದ್ದು; ಇನ್ನೊಂದು ದಿನಗಟ್ಟಲೆ, ವಾರಗಟ್ಟಲೆ ಏರಿ ಇಳಿದು ಮತ್ತೆ ಬರತಕ್ಕದ್ದು. ಪದ್ಯದಲ್ಲಿರುವುದೋ ಒಂದು ಹೊತ್ತಿನ ಊಟ. ಒಡೆದ ಪಾತ್ರೆಗಳಿಗಿಂತ ತೂಕವಾದ ಸಾಕ್ಷ್ಯವು ತಂದೆಯ ಮಾತಿನಲ್ಲಿ ಬರುವ ‘ಇಂದು’ ಎಂಬ ಒಂದು ಪದ. ಇಂದಾದರೂ ಸುಮ್ಮನೆ ಕೂತಾನೆಯೆ ಎಂಬ ಆ ಸಂದೇಹದಲ್ಲಿ ಹಿಂದಿನ ದಿನಗಳ ಸುಳಿವಿದೆ. ಅದಕ್ಕಿಂತ ಹೆಚ್ಚನ್ನು ಹಾಫ್‌ಮನ್ನನು ಹೇಳಿಲ್ಲ.