ಜೇನ್‌ವೇ ಅವರ ಮಕ್ಕಳೂ ಯೆಶಾಯನ ಕೆಂಡವೂ

ಲಂಡನ್ನಿನ ಬೋಧಕ ಜೇಮ್ಸ್ ಜೇನ್‌ವೇ 1671–72ರಲ್ಲಿ ಪ್ರಕಟಿಸಿದ ‘ಎ ಟೋಕನ್ ಫಾರ್ ಚಿಲ್ಡ್ರನ್’ 13 ಮಕ್ಕಳ ಮನಃಪರಿವರ್ತನೆಯನ್ನೂ ಮರಣವನ್ನೂ ವರ್ಣಿಸುತ್ತದೆ. ಪ್ಯೂರಿಟನ್ ಮನೆಗಳಿಗೆ ಪ್ರಿಯವಾಗಿದ್ದ ಈ ಕೃತಿಯನ್ನು ಕ್ರೂರವೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. 1665ರ ಪ್ಲೇಗನ್ನು ಕಂಡ ನಗರದಲ್ಲಿ ಮಕ್ಕಳಿಂದ ಮರಣವನ್ನು ಮರೆಮಾಚುವಂತಿರಲಿಲ್ಲ. ಮಗುವಿಗೂ ದೇವರ ಮುಂದೆ ನಿಲ್ಲುವ ಆತ್ಮವಿದೆಯೆಂದು ಜೇನ್‌ವೇ ನಂಬಿದ್ದರು. ನೋಹನ ನಾವೆಯ ಪ್ರಾಣಿಗಳನ್ನಷ್ಟೇ ತೋರಿಸಿ ಜಲಪ್ರಳಯವನ್ನು ಅಡಗಿಸುವ ಇಂದಿನ ಧರ್ಮೋಪದೇಶದಲ್ಲಿ ಮಗುವಿನ ಬಗೆಗೆ ಆ ಗೌರವವೂ ಇಲ್ಲ.

ದೋಷವಿರುವುದು ಬೇರೆಡೆ. ಕ್ರಿಸ್ತನ ಹೆಸರು ಅಲ್ಲಿ ಅಪರೂಪವೇನಲ್ಲ, ನಿಜ. ಆದರೆ ಮುನ್ನುಡಿಯಿಂದಲೇ ಮಗು ಪ್ರಶ್ನೆಗಳಿಗೆ ಗುರಿಯಾಗಿ, ತಾನು ಸಾಕಷ್ಟು ಅತ್ತಿರುವೆನೇ ಎಂದು ತನ್ನ ಕಣ್ಣೀರನ್ನೇ ಅಳೆಯತೊಡಗುತ್ತದೆ. ನ್ಯಾಯತೀರ್ಪು ದೇವರ ಕಾರ್ಯವಾಗಿ ಉಳಿಯದೆ ಮಗುವಿನ ಅಂತರಂಗದ ಲೆಕ್ಕವಾಗುತ್ತದೆ.

ಯೆಶಾಯನ ಗ್ರಂಥದ ಆರನೆಯ ಅಧ್ಯಾಯದ ಕ್ರಮವೇ ಬೇರೆ. ಪ್ರವಾದಿ ಮೊದಲು ಪರಮಪವಿತ್ರರಾದ ದೇವರನ್ನು ಕಾಣುತ್ತಾನೆ. ಆ ದರ್ಶನದಲ್ಲೇ ತನ್ನ ತುಟಿಗಳ ಅಶುದ್ಧತೆಯನ್ನು ಅರಿಯುತ್ತಾನೆ. ಬಲಿಪೀಠದ ಕೆಂಡ ಅವನನ್ನು ನಾಶಮಾಡದೆ ಶುದ್ಧೀಕರಿಸುತ್ತದೆ. ಕುಟುಂಬ ಪ್ರಾರ್ಥನೆಯಲ್ಲಿ ಇದನ್ನು ಓದುವ ತಂದೆತಾಯಿಯರು ಐದನೆಯ ವಚನದಲ್ಲಿ ನಿಲ್ಲಿಸಿದರೆ, ದೇವರು ಕಣ್ಣು ಕುಕ್ಕುತ್ತಾನೆಂಬ ನಮ್ಮ ಮನೆಗಳ ಹಳೆಯ ಬೆದರಿಕೆಯೇ ಮಗುವಿನ ಕಿವಿಗೆ ಬಿದ್ದಂತಾಗುತ್ತದೆ. ಏಳನೆಯ ವಚನದವರೆಗೂ ಓದಬೇಕು, ಮಗು ನಿದ್ದೆಗಣ್ಣಿನಲ್ಲಿದ್ದರೂ.