ಬಿಸಿಲುಂಡ ಚರ್ಮಕ್ಕೆ ಹನಿ ಲೆಕ್ಕದ ಆರೈಕೆ

ಮನೆಯಲ್ಲಿ ಬೆರೆಸುವ ಪರಿಮಳದೆಣ್ಣೆಯ ಸೊಗಸಿರುವುದು ಅದರ ಜಿಪುಣತನದಲ್ಲಿ. 30 ಮಿಲಿಲೀಟರ್ ಬಾದಾಮಿ ಎಣ್ಣೆಗೆ ಆರೇ ಹನಿ ಸುಗಂಧ ತೈಲ. ಅಂದರೆ ಸುಮಾರು ಶೇ 1. ನನ್ನ ಮೆಚ್ಚಿನ ಜೋಡಿ ನಾಲ್ಕು ಹನಿ ಲ್ಯಾವೆಂಡರ್, ಎರಡು ಹನಿ ಶ್ರೀಗಂಧ. ಲ್ಯಾವೆಂಡರ್‌ನ ಕಂಪು ಮೊದಲು ಮೂಗಿಗೆ ತಾಕಿ ಬೇಗ ಹಾರಿಹೋಗುತ್ತದೆ. ಗಂಧದ ಭಾರವಾದ ಅಣುಗಳು ನಿಧಾನವಾಗಿ ಆವಿಯಾಗುವುದರಿಂದ ಅದರ ಪರಿಮಳ ಗಂಟೆಗಟ್ಟಲೆ ನಿಲ್ಲುತ್ತದೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ತಾನೇ ಭಟ್ಟಿಯಿಳಿಸಲು ಹೊರಟದ್ದು ಇದೇ ಗಂಧದೆಣ್ಣೆಯನ್ನು.

ಬಿಸಿಲುಂಡ ಚರ್ಮಕ್ಕೆ ಈ ಮಿಶ್ರಣ ಹಚ್ಚುವುದಕ್ಕೊಂದು ಶಿಸ್ತಿದೆ. ಕಾದ ಚರ್ಮದ ಮೇಲೆ ಎಣ್ಣೆ ಹಚ್ಚಿದರೆ ಶಾಖ ಒಳಗೇ ಉಳಿಯುತ್ತದೆ. ಮೊದಲು ತಣ್ಣೀರು, ಉರಿ ಆರಿದ ಮೇಲೆ ಎಣ್ಣೆ. ಬೊಬ್ಬೆ ಎದ್ದಿದ್ದರೆ ಇದರ ಗೊಡವೆಯೇ ಬೇಡ, ವೈದ್ಯರನ್ನು ಕಾಣಬೇಕು. ಸಿಪ್ಪೆ ಹಿಂಡಿ ತೆಗೆದ ನಿಂಬೆ ತೈಲವೂ ಬೇಡ. ಅದು ಬಿಸಿಲಿನೊಡನೆ ಸೇರಿ ಚರ್ಮವನ್ನು ಇನ್ನಷ್ಟು ಸುಡಬಲ್ಲದು. ಹೊಸ ಮಿಶ್ರಣವನ್ನು ಮೊದಲು ಮುಂಗೈಗೆ ಹಚ್ಚಿ ಒಂದು ದಿನ ಕಾಯಬೇಕು. ಕಂದು ಗಾಜಿನ ಸೀಸೆಯಲ್ಲಿ, ನೆರಳಿನಲ್ಲಿಟ್ಟರೆ ಬೇಗ ಕೆಡದು.

ಬಿಸಿಲಿನ ಹಾನಿಯನ್ನು ಇದು ಅಳಿಸಲಾರದು. ಒಣಗಿದ ಚರ್ಮವನ್ನು ಮೃದುವಾಗಿಸಿ, ದಣಿದ ಸಂಜೆಯನ್ನು ಘಮಘಮಿಸುವಂತೆ ಮಾಡುತ್ತದೆ. ಆರು ಹನಿಗೆ ಅದು ದೊಡ್ಡ ಸಾಧನೆಯೇ.