ಹುಚ್ಚೆಳ್ಳಿಗೆ ಹುಚ್ಚಿಲ್ಲ

ಕನ್ನಡಿಗರು ಹುಚ್ಚೆಳ್ಳು ಎಂದರು, ತೆಲುಗರು ವೆರ್ರಿ ನುವ್ವುಲು, ತಮಿಳರು ಪೇಯೆಳ್ಳು. ಇಬ್ಬರಿಗೆ ಹುಚ್ಚು, ಇನ್ನೊಬ್ಬರಿಗೆ ದೆವ್ವ! ತಾಳವಾಡಿ ಬೆಟ್ಟದ ತಿಗನಾರೆಯಂಥ ಊರಲ್ಲಿ ಈ ಎರಡೂ ಬೈಗುಳ ಒಟ್ಟಿಗೇ ಸಲ್ಲುತ್ತವೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಇಂದಿನ ತಮಿಳುನಾಡಾದ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮನೆಮಾತು ಮಾತ್ರ ಕನ್ನಡ.

ಎಳ್ಳಿಗೂ ಹುಚ್ಚೆಳ್ಳಿಗೂ ನಂಟಿಲ್ಲ. ಇದು ಸೂರ್ಯಕಾಂತಿ, ಸೇವಂತಿಗೆಗಳ ಬಳಗ, ತವರು ಇಥಿಯೋಪಿಯಾ. ಹೂವನ್ನು ಹತ್ತಿರದಿಂದ ನೋಡಿ: ಸುತ್ತ ಎಂಟೇ ಎಸಳು, ತುದಿಯಲ್ಲಿ ಸಣ್ಣ ಕಚ್ಚು, ನಡುವೆ ಹಳದಿ ಗುಬ್ಬಿ. ತನ್ನದೇ ಪರಾಗದಿಂದ ಕಾಳು ಕಟ್ಟುವುದು ಅಪರೂಪ, ಜೇನು ಬರಲೇಬೇಕು. ದನ ಬಾಯಿ ಹಾಕದ ಗಿಡವೆಂದು ನಮ್ಮ ಹಿರಿಯರು ರಾಗಿ ಹೊಲದ ಅಂಚಿಗೂ ಅಕ್ಕಡಿ ಸಾಲಿಗೂ ಇದನ್ನೇ ಬಿತ್ತಿದರು. ಬೇಲಿಯೂ ಆಯಿತು, ಎಣ್ಣೆಯೂ ಆಯಿತು.

ಕಾಳು ಕಪ್ಪಗೆ, ಮಿರಿಮಿರಿ. ಚಟ್ನಿಪುಡಿಗೆ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಬೇಕು, ಸೀದರೆ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ನುಣ್ಣಗೆ ರುಬ್ಬಿದರೆ ಅರ್ಧ ರುಚಿ ಹೋಯಿತು. ಶೇಂಗಾ ಚಟ್ನಿಪುಡಿಯವರು ಕೋಪಿಸಿಕೊಳ್ಳಲಿ, ಬಿಸಿ ಮುದ್ದೆಗೆ ಇದರ ಮುಂದೆ ಅದು ಸಪ್ಪೆ.